ಅಕ್ಕಿ ಹೆಚ್ಚಾಗೈತಿ

ಯುಗಾದಿ ಮುಗಿದು ಬಿಸಿಲು ಬಲಿಯತೊಡಗಿತೆಂದರೆ ಬಳ್ಳಾರಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಕೆಮ್ಮು ಹತ್ತುತ್ತದೆ. ಅದು ಕಾಯಿಲೆಯ ಕೆಮ್ಮಲ್ಲ, ಖಾರದ ಕೆಮ್ಮು. ಮಾಳಿಗೆಗಳ ಮೇಲೆ ಹಳೆಯ ಸೀರೆ ಹಾಸಿ, ತೊಟ್ಟು ಮುರಿದ ಮೆಣಸಿನಕಾಯಿಯನ್ನು ಗಲಗಲ ಸದ್ದಾಗುವವರೆಗೆ ಒಣಗಿಸಿ, ಓಣಿಯ ಕೊನೆಯ ಗಿರಣಿಗೆ ಒಯ್ದು ವರ್ಷದ ಖಾರ ಕುಟ್ಟಿಸುವ ಕಾಲವದು. ಅದೇ ದಿನಗಳಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸಿ ಉಪ್ಪು ಬೆರೆಸಿ ಗಡಿಗೆಗೆ ತುಂಬುವುದು, ತೊಗರಿಬೇಳೆಗೆ ಔಡಲೆಣ್ಣೆ ಸವರುವುದು, ಜೋಳದ ಚೀಲಕ್ಕೆ ಒಣ ಬೇವಿನೆಲೆ ಹಾಕಿ ಬಾಯಿ ಹೊಲಿಯುವುದು, ಸಂಡಿಗೆ, ಹಪ್ಪಳ, ಶಾವಿಗೆ ಎಲ್ಲವೂ ನಡೆಯುತ್ತವೆ. ಮಳೆಗಾಲಕ್ಕೆ ಮೊದಲೇ ಮನೆ ತುಂಬಿಸಿಕೊಳ್ಳಬೇಕೆಂಬುದನ್ನು ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಏಪ್ರಿಲ್ ಬಂತೆಂದರೆ ಕೈಗಳು ತಾವಾಗಿಯೇ ಮೊರ ಹುಡುಕುತ್ತವೆ.

2025ರ ಏಪ್ರಿಲ್‌ನಲ್ಲಿ ನಾನು ಇದಕ್ಕೆ ಪೂರ್ತಿ ತಿರುವುಮುರುವಾದ ಕೆಲಸಕ್ಕೆ ಕೂತಿದ್ದೆ. ನಮ್ಮ ಯಜಮಾನರು ಜನವರಿಯಲ್ಲಿಯೇ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕೆಲಸಕ್ಕೆ ಹೋಗಿದ್ದರು. ಮಗಳ ಪರೀಕ್ಷೆ ಮುಗಿದು, ನಮ್ಮಿಬ್ಬರ ವೀಸಾ ಕೈಸೇರಿ, ಮೇ ತಿಂಗಳ ಕೊನೆಗೆ ಟಿಕೆಟ್ ಆಗಿತ್ತು. ಬಾಡಿಗೆ ಮನೆಯನ್ನು 31ನೇ ತಾರೀಕಿನೊಳಗೆ ಬಿಟ್ಟುಕೊಡಬೇಕಾಗಿತ್ತು. ಉಳಿದದ್ದು 45 ದಿನ. ನಾನು ಕೆಲಸ ಬಿಟ್ಟಾಗಿತ್ತು, ಟಿಕೆಟ್ಟು, ವೀಸಾ, ಕಾಗದಪತ್ರಗಳ ಭಾಷಾಂತರವೆಂದು ಕೂಡಿಟ್ಟ ಹಣ ಕರಗುತ್ತಿತ್ತು, ಅಲ್ಲಿ ನೋಡಿದರೆ ಮನೆಯ ಮಾಲೀಕರು ಮೂರು ತಿಂಗಳ ಬಾಡಿಗೆಯವರೆಗೆ ಠೇವಣಿ ಕೇಳಲು ಕಾನೂನೇ ಅವಕಾಶ ಕೊಟ್ಟಿದೆ. ಹೀಗಾಗಿ ಹಾಲು, ಮೊಸರು, ಕಾಯಿಪಲ್ಯೆ ಬಿಟ್ಟು ಇನ್ನೇನನ್ನೂ ಕೊಳ್ಳುವುದಿಲ್ಲ, ವಾರಕ್ಕೆ 500 ರೂಪಾಯಿ ದಾಟುವುದಿಲ್ಲ, ಮನೆಯಲ್ಲಿದ್ದದ್ದನ್ನೇ ಉಂಡು ಮುಗಿಸುತ್ತೇವೆ ಎಂದು ನಿಶ್ಚಯಿಸಿದೆ. ಎದುರು ಮನೆಯ ಅಕ್ಕ ಮೂರು ಸಲ ಕೇಳಿದರು: “ಯಾಕವ್ವ, ಈ ಸರ್ತಿ ಖಾರ ಕುಟ್ಟಸಲಿಲ್ಲೇನು?” ಮೊದಲೆರಡು ಸಲ ಏನೋ ನೆಪ ಹೇಳಿದೆ. ಊರು ಬಿಡುತ್ತಿದ್ದೇನೆ ಎನ್ನುವುದಕ್ಕಿಂತ ಖಾರ ಕುಟ್ಟಿಸುವುದಿಲ್ಲ ಎನ್ನುವುದೇ ನನಗೆ ಹೆಚ್ಚು ಕಷ್ಟದ ಮಾತಾಗಿತ್ತು.

ಒಂದು ಭಾನುವಾರ ಅಡುಗೆಮನೆಯ ಅಟ್ಟದಿಂದ ಎಲ್ಲವನ್ನೂ ಇಳಿಸಿ, ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆ. ಸೋನಾ ಮಸೂರಿ 38 ಕಿಲೋ. ಬಿಳಿಜೋಳ 14. ತೊಗರಿಬೇಳೆ 5. ನವಣೆ 2. ಶೇಂಗಾ 3. ಬೆಲ್ಲ 4. ಹುಣಸೆಹಣ್ಣು 4. ಗುರೆಳ್ಳು, ಅಗಸಿ, ಪುಟಾಣಿ, ಎಳ್ಳು. ಮಡಿಕೆ ಕಾಳು, ಹೆಸರು, ಅಲಸಂದಿ ಒಂದೊಂದು ಡಬ್ಬಿ. ಒಣ ಕೊಬ್ಬರಿ ಬಟ್ಟಲು ಆರು. ಎರಡು ವರ್ಷದ ಮಾವಿನಕಾಯಿ ಉಪ್ಪಿನಕಾಯಿ. ಇನ್ನೊಂದು ಪುಟದ ತುಂಬ ಅರ್ಧಂಬರ್ಧ ಪ್ಯಾಕೆಟ್‌ಗಳ ಪಟ್ಟಿ.

ಇಬ್ಬರೇ ಇರುವ ಮನೆಯಲ್ಲಿ 38 ಕಿಲೋ ಅಕ್ಕಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದ ನೀರು ಕಣ್ಣೆದುರಿಗೇ ನದಿಗೆ ಹರಿದುಹೋಗುತ್ತಿದ್ದ ಆ ವಾರ ಬಳ್ಳಾರಿ, ಕೊಪ್ಪಳ, ರಾಯಚೂರಿನ ಭತ್ತದ ಸೀಮೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬಂದಿರಲಿಕ್ಕಿಲ್ಲ. ಸಿರುಗುಪ್ಪದ ಕಡೆ ಕಾಲುವೆ ನೀರಿಗೆ ನಾಟಿ ಮಾಡುವ ನಮ್ಮ ಭಾವನವರು ಆ ವರ್ಷ ಬೆಳೆ ಬರುವುದಿಲ್ಲವೆಂದೇ ಎಣಿಸಿದ್ದರು. ಅತ್ತೆಯವರು ಮಾತ್ರ ಎಣಿಸುತ್ತ ಕೂರಲಿಲ್ಲ, ಮನೆಯಲ್ಲಿದ್ದ ಹಳೆಯ ಅಕ್ಕಿಯಲ್ಲಿ 25 ಕಿಲೋದ ಎರಡು ಚೀಲ ಕಟ್ಟಿ ಮಾರನೆಯ ಬಸ್ಸಿಗೇ ನಮಗೆ ಕಳಿಸಿಬಿಟ್ಟರು. ಒಂದೇ ವಾರದಲ್ಲಿ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಕೂಡಿಸಿದರು, ಆಮೇಲೆ ಮಳೆಯೂ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು, ಬೆಳೆಯೂ ಬಂತು. ಹೆದರಿಕೆ ಹೋಯಿತು, ಹೆದರಿಕೆಯ ಅಕ್ಕಿ ನಮ್ಮ ಅಟ್ಟದಲ್ಲಿ ಉಳಿಯಿತು.

ಅಕ್ಕಿಯ ಲೆಕ್ಕವನ್ನು ಫೋನಿನಲ್ಲಿ ಹೇಳಿ, “ಅತ್ತಿ, ಇದು ಹೆಂಗ ಮುಗಿಯುತ್ತೋ” ಎಂದೆ. ಅವರು ಗದರಿದರು: “ಮುಗಿಯೂದು ಅನಬ್ಯಾಡವ್ವ. ಅಕ್ಕಿ ತೀರಿದ್ರ ಹೆಚ್ಚಾಗೈತಿ ಅನಬೇಕು.” ಅವರ ಮನೆಯಲ್ಲಿ ಅರಿಶಿನ ಮುಗಿಯುವುದಿಲ್ಲ, ಕುಂಕುಮ ತೀರುವುದಿಲ್ಲ, ಬಳೆ ಒಡೆಯುವುದಿಲ್ಲ, ಎಲ್ಲವೂ ಹೆಚ್ಚಾಗುತ್ತವೆ. ಮದುವೆಯಾದ ಹೊಸತರಲ್ಲಿ, “ಅಕ್ಕಿ ಹೆಚ್ಚಾಗೈತಿ, ನೋಡು” ಎಂದಾಗ ನಾನು ಹಾಗಾದರೆ ಸಂತೆಯಿಂದ ತರುವುದು ಬೇಡವೆಂದು ತಿಳಿದು ಸುಮ್ಮನಿದ್ದು, ಆ ರಾತ್ರಿ ಮನೆಯವರೆಲ್ಲ ರೊಟ್ಟಿಯಲ್ಲೇ ಊಟ ಮುಗಿಸಬೇಕಾಗಿತ್ತು. ತುಂಬುವುದಕ್ಕೆ ಇಷ್ಟೊಂದು ಶಾಸ್ತ್ರ, ಹಾಡು, ತಿಥಿ, ಉಪಾಯಗಳನ್ನು ಮಾಡಿಕೊಂಡ ಜನ ಮುಗಿಸುವುದಕ್ಕೆ ಒಂದು ಶಬ್ದವನ್ನೂ ಇಟ್ಟುಕೊಂಡಿಲ್ಲವಲ್ಲ ಎಂದು ಆ ಭಾನುವಾರ ಮೊದಲ ಬಾರಿಗೆ ಅನ್ನಿಸಿತು. ಮುಂದಿನ ವರ್ಷವೂ ಇದೇ ಮನೆಯಲ್ಲಿ ಇದೇ ಒಲೆಯ ಮುಂದೆ ಇರುತ್ತೇವೆಂಬ ನಂಬಿಕೆಯ ಮೇಲೆಯೇ ನಮ್ಮ ಡಬ್ಬಿಗಳೆಲ್ಲ ನಿಂತಿವೆ.

ದಿನಕ್ಕೆ 350 ಗ್ರಾಂ ಹಿಡಿದರೂ 45 ದಿನಕ್ಕೆ ನಮಗೆ ಬೇಕಾಗುವ ಅಕ್ಕಿ 16 ಕಿಲೋ ದಾಟುವುದಿಲ್ಲ. ಬಿಚ್ಚದೆ ಇದ್ದ ಚೀಲವನ್ನು ಹತ್ತಿರದ ಮಠದ ದಾಸೋಹಕ್ಕೆ ಕೊಟ್ಟುಬಿಟ್ಟೆ. ಅದೇ ಜನವರಿಯಾಗಿದ್ದರೆ ಇಡೀ ಅಟ್ಟವನ್ನೇ ಕೊಪ್ಪಳಕ್ಕೆ ಕಳಿಸಬಹುದಾಗಿತ್ತು. ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರುಗಳಿಂದ ರೊಟ್ಟಿ, ಕಾಳುಕಡಿ ಹೊತ್ತ ಗಾಡಿಗಳು ಹೋಗುವುದನ್ನು ಕಂಡವರಿಗೆ ನನ್ನ 38 ಕಿಲೋ ನಗೆಪಾಟಲು. ಬಿಚ್ಚಿದ್ದ 13 ಕಿಲೋ ಅಕ್ಕಿಯಲ್ಲಿ ಆಗಲೇ ನುಸಿ ಹತ್ತಿತ್ತು. ಮೊದಲ ಆತುರಕ್ಕೆ ಅದನ್ನು ಮಾಳಿಗೆಯ ಮೇಲೆ ನಡುಮಧ್ಯಾಹ್ನದ ಬಿಸಿಲಿಗೆ ಹಾಕಿ ಕೆಡಿಸಿದೆ. ಹುಳವೇನೋ ಓಡಿಹೋದವು, ಆದರೆ ಬಿಸಿಲಿಗೆ ಕಾದ ಅಕ್ಕಿಯಲ್ಲಿ ಕೂದಲೆಳೆಯಂಥ ಬಿರುಕು ಬಿದ್ದು, ಬೇಯಿಸಿದಾಗ ಅರ್ಧಕ್ಕರ್ಧ ನುಚ್ಚಾಯಿತು. ಅಕ್ಕಿಯನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ ತೆಳ್ಳಗೆ ಹರಡಿ ಕೇರಬೇಕೆಂದು ಗೊತ್ತಿದ್ದೂ ಮಾಡಿದ ತಪ್ಪಿದು. ಆಮೇಲೆ ಎರಡು ವಾರ ನಮ್ಮ ಮನೆಯಲ್ಲಿ ಅನ್ನ ಬಿಟ್ಟು ಪೊಂಗಲ್, ಕಿಚಡಿ, ಮೊಸರನ್ನ ಇವಿಷ್ಟೇ ನಡೆದವು, ಏಕೆಂದರೆ ಒಡೆದ ಅಕ್ಕಿಯನ್ನು ಮುಚ್ಚಿಡಲು ಇವುಗಳಿಗಿಂತ ಒಳ್ಳೆಯ ಅಡುಗೆಯಿಲ್ಲ.

ದಿನಸಿಯ ಜೊತೆಗೆ ಮುಗಿಯಬೇಕಾದದ್ದು ಇನ್ನೊಂದಿತ್ತು: ಗ್ಯಾಸು. ಕನೆಕ್ಷನ್ ಸರೆಂಡರ್ ಮಾಡಿ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಮರಳಿಸಿ ಠೇವಣಿ ಪಡೆಯಬೇಕಾಗಿದ್ದರಿಂದ ಹೊಸ ಸಿಲಿಂಡರ್ ತರಿಸುವ ಮನಸ್ಸಿರಲಿಲ್ಲ. ಸಿಲಿಂಡರಿನ ಕತ್ತಿನ ಪಟ್ಟಿಯ ಮೇಲೆ ಖಾಲಿ ತೂಕವನ್ನು ಅಚ್ಚೊತ್ತಿರುತ್ತಾರೆ, ತುಂಬಿದಾಗ ಅದರ ಮೇಲೆ 14.2 ಕಿಲೋ ಗ್ಯಾಸ್ ಇರುತ್ತದೆ. ಸೂಟ್‌ಕೇಸ್ ತೂಗಲೆಂದು ತಂದಿದ್ದ ಕೊಕ್ಕೆ ತಕ್ಕಡಿಗೆ ಹಗ್ಗ ಕಟ್ಟಿ, ನಾನೂ ಮಗಳೂ ಸೇರಿ ಸಿಲಿಂಡರನ್ನು ಎತ್ತಿ ತೂಗಿದೆವು. ಪಟ್ಟಿಯ ಮೇಲೆ 15.9 ಎಂದಿತ್ತು, ತಕ್ಕಡಿ 24.1 ತೋರಿಸಿತು. 8.2 ಕಿಲೋ ಗ್ಯಾಸಿನಲ್ಲಿ ಒಂದು ಅಟ್ಟ ಬೇಯಬೇಕು. ಆಮೇಲೆ ಪ್ರತಿ ಭಾನುವಾರ ಅದೇ ತಕ್ಕಡಿಯಲ್ಲಿ ಸಿಲಿಂಡರು, ಜೋಳದ ಚೀಲ, ಸೂಟ್‌ಕೇಸು ಮೂರನ್ನೂ ತೂಗಿ ಬರೆದಿಡುವುದು ಮಗಳ ಕೆಲಸವಾಯಿತು. ಮೊದಲೆರಡು ಇಳಿಯಬೇಕು, ಮೂರನೆಯದು 23 ದಾಟಬಾರದು.

ಕಾಳುಗಳನ್ನು ಮೊದಲು ಹಿಡಿದೆ, ಏಕೆಂದರೆ ಗ್ಯಾಸು ಕುಡಿಯುವುದು ಅವೇ. ಬಳ್ಳಾರಿಯ ಸೆಕೆಯಲ್ಲಿ ವರ್ಷಗಟ್ಟಲೆ ಕೂತ ಕಾಳು ಒಳಗೊಳಗೇ ಬಿಗಿದುಕೊಂಡಿರುತ್ತದೆ, ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಂತೂ ಎಷ್ಟು ಸೀಟಿ ಹಾಕಿಸಿದರೂ ಕಲ್ಲಿನಂತೆಯೇ ಉಳಿಯುತ್ತದೆ. ಮೊಳಕೆ ಬರಿಸಿದರೆ ಎರಡು ಲಾಭ: ಬೇಗ ಬೇಯುತ್ತದೆ, ಜೊತೆಗೆ ಜೀವವಿರುವ ಕಾಳು ಯಾವುದು, ಗೊಡ್ಡು ಯಾವುದು ಎಂಬುದೂ ತಿಳಿಯುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ಮೇಲೆ ತೇಲಿದ ತೂತು ಕಾಳನ್ನು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಗಂಟುಕಟ್ಟಿ ಕಿಟಕಿಗೆ ತೂಗುಹಾಕಿದರೆ ಮೇ ತಿಂಗಳ ಝಳಕ್ಕೆ ಸಂಜೆಯ ಹೊತ್ತಿಗೇ ಮಡಿಕೆ ಕಾಳು ಬಿಳಿಯ ಮೂತಿ ಹೊರಹಾಕಿರುತ್ತಿತ್ತು. ಹೆಸರು ಮಾರನೆಯ ಬೆಳಿಗ್ಗೆ. ಅಲಸಂದಿ ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲ, ನಾಲ್ಕು ದಿನ ಕಾದು ಹಕ್ಕಿಗಳಿಗೆ ಹಾಕಿದೆ. ಕಾಗೆಯೂ ಮುಟ್ಟಲಿಲ್ಲವೆನ್ನುವುದು ಬೇರೆ ಮಾತು.

ಶೇಂಗಾ, ಗುರೆಳ್ಳು, ಅಗಸಿ ಇವುಗಳದ್ದು ಬೇರೆಯೇ ಸಂಕಟ. ಎಣ್ಣೆಕಾಳಿಗೆ ಬಿಸಿಲು ತಾಗಿದರೆ ಕನರುತ್ತದೆ, ಕನರಿದ ಮೇಲೆ ಹುರಿದರೂ, ಬೆಳ್ಳುಳ್ಳಿ ಜಜ್ಜಿ ಹಾಕಿದರೂ ಆ ವಾಸನೆ ಹೋಗುವುದಿಲ್ಲ. ಹೀಗಾಗಿ ಹುರಿಯುವ ಮೊದಲು ಒಂದೊಂದು ಹಿಡಿಯನ್ನು ಅಗಿದು ನೋಡಿದೆ. ಅಗಸಿಯಲ್ಲಿ ಅರ್ಧದಷ್ಟನ್ನು ಚೆಲ್ಲಬೇಕಾಯಿತು, ಉಳಿದದ್ದೆಲ್ಲ ಚಟ್ನಿಪುಡಿಯಾಯಿತು. ಅಗ್ಗದಲ್ಲಿ ದಿನ ತಳ್ಳುವವರಿಗೆ ಚಟ್ನಿಪುಡಿಯಂಥ ಬಂಧು ಇನ್ನೊಬ್ಬರಿಲ್ಲ. ರೊಟ್ಟಿಗೆ ಅದೇ, ಮೊಸರನ್ನಕ್ಕೆ ಅದೇ, ಒಂದು ದಿನ ಕಾಯಿಪಲ್ಯೆ ಇಲ್ಲದಾಗ ಸುಮ್ಮನೆ ಎಣ್ಣೆ ಸುರಿದುಕೊಂಡರೆ ಅದೇ ಪಲ್ಯ.

ಇಷ್ಟರಲ್ಲಿ ನನಗೊಂದು ಸಂಗತಿ ಸ್ಪಷ್ಟವಾಗಿತ್ತು. ಚೀಲದಲ್ಲಿ ಬಂದದ್ದು ಹೇಗಾದರೂ ಖರ್ಚಾಗುತ್ತದೆ, ಪ್ಯಾಕೆಟ್ಟಿನಲ್ಲಿ ಬಂದದ್ದು ಆಗುವುದಿಲ್ಲ. ಜೋಳಕ್ಕೆ ನೂರು ದಾರಿಗಳಿವೆ: ರೊಟ್ಟಿ, ಸಂಗಟಿ, ನುಚ್ಚು, ಗಂಜಿ. ಆದರೆ ಯಾವುದೋ ವಿಡಿಯೋ ನೋಡಿ ತಂದ ಕೋಕೋ ಪುಡಿ, ಮಗಳ ಹುಟ್ಟುಹಬ್ಬಕ್ಕೆ ತಂದು ಎರಡು ಚಮಚ ತೆಗೆದು ಮರೆತ ಕಸ್ಟರ್ಡ್ ಪುಡಿ, ತೂಕ ಇಳಿಸುವ ಹುಮ್ಮಸ್ಸಿನಲ್ಲಿ ತಂದ ಓಟ್ಸ್, ಮೂಲೆಯಲ್ಲಿ ಬಿರುಸಾಗಿ ಕೂತ ಪಾಸ್ತಾ ಇವೆಲ್ಲ ಒಂದೊಂದೇ ಅಡುಗೆಗೆ ಹುಟ್ಟಿದವು. ಆ ಅಡುಗೆಯ ಉಮೇದು ಇಳಿದರೆ ಅವುಗಳ ಆಯುಸ್ಸೂ ಮುಗಿಯಿತು. ಓಟ್ಸನ್ನು ಹುರಿದು ರವೆಯ ಜೊತೆ ಬೆರೆಸಿ ಉಪ್ಪಿಟ್ಟು ಮಾಡಿದೆ, ಮಗಳಿಗೆ ಗೊತ್ತಾಗಲಿಲ್ಲ. ಪಾಸ್ತಾವನ್ನು ಶಾವಿಗೆಯ ಹಾಗೆ ಒಗ್ಗರಣೆ ಹಾಕಿ, ಮೇಲೆ ಗುರೆಳ್ಳು ಚಟ್ನಿಪುಡಿ ಉದುರಿಸಿಕೊಟ್ಟೆ; ಇಟಲಿಯವರು ಏನೆನ್ನುತ್ತಾರೋ, ನಮ್ಮ ಓಣಿಯಲ್ಲಿ ಅದಕ್ಕೆ ಎರಡನೆಯ ಸಲ ಬೇಡಿಕೆ ಬಂತು. ಕಸ್ಟರ್ಡ್ ಪುಡಿಯ ಪ್ಯಾಕೆಟ್ ಹರಿದಿದ್ದರಿಂದ, ಆಗಷ್ಟೇ ಖಾಲಿಯಾಗಿದ್ದ ಕಡಲೆಹಿಟ್ಟಿನ ಡಬ್ಬಿಗೆ ಅದನ್ನು ಸುರಿದು ಮುಚ್ಚಿಟ್ಟೆ. ಡಬ್ಬಿಯ ಮೇಲಿನ ಚೀಟಿ ಹಾಗೆಯೇ ಇತ್ತು.

ಜೋಳದ ವಿಷಯದಲ್ಲಿ ಗಿರಣಿಯವರ ಮಾತು ಕೇಳಿದ್ದು ಒಳ್ಳೆಯದಾಯಿತು. ಒಮ್ಮೆಗೇ 14 ಕಿಲೋ ಬೀಸಿಸುತ್ತೇನೆ ಎಂದರೆ ಅವರು ಮೂರು ಕಿಲೋ ಮಾತ್ರ ಬೀಸಿ ಉಳಿದದ್ದನ್ನು ಮರಳಿ ಕೊಟ್ಟರು. ಜೋಳದಲ್ಲಿ ಗೋಧಿಯಂಥ ಅಂಟು ಇಲ್ಲ. ಕುದಿಯುವ ಎಸರು ಸುರಿದಾಗ ಹಿಟ್ಟು ಅರೆಬೆಂದು ಬರುವ ಜಿಗುಟನ್ನೇ ನಂಬಿ ರೊಟ್ಟಿ ತಟ್ಟಬೇಕು, ಹಿಟ್ಟು ಹಳೆಯದಾದಷ್ಟೂ ಆ ಜಿಗುಟು ಕಡಿಮೆಯಾಗಿ ಅಂಚು ಬಿರಿಯುತ್ತದೆ, ಬೇಸಿಗೆಯಲ್ಲಾದರೆ ಕಹಿಯೂ ಆಗುತ್ತದೆ. ಕಾಳಾಗಿ ಇರುವವರೆಗೆ ಜೋಳ ಕಾಯುತ್ತದೆ, ಹಿಟ್ಟಾದ ಮೇಲೆ ಕಾಯುವುದಿಲ್ಲ. ಈ ಕಾಯುವ ಗುಣವನ್ನು ನೆಚ್ಚಿಯೇ ನಮ್ಮ ಸೀಮೆಯಲ್ಲಿ ಹಿಂದೆ ಹಗೇವುಗಳಿದ್ದವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜಗಳು. ಮಾವನವರ ಮನೆಯ ಅಂಗಳದಲ್ಲಿದ್ದ ಹಗೇವನ್ನು ಅವರು ಚಿಕ್ಕವರಾಗಿದ್ದಾಗ ತೆರೆಯುತ್ತಿದ್ದ ಬಗೆಯನ್ನು ನನಗೆ ಬಹಳ ಸಲ ಹೇಳಿದ್ದಾರೆ. ಬಾಯಿಗೆ ಮುಚ್ಚಿದ ಬಂಡೆ ಸರಿಸಿ ಒಳಗೆ ನಿಂತ ಗಾಳಿ ಹೋಗಲೆಂದು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರಂತೆ; ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆಯೆಂದು ಅರ್ಥ, ಯಾರೂ ಇಳಿಯುವಂತಿಲ್ಲ. ಒಮ್ಮೆ ತೆರೆದ ಹಗೇವಿನ ಜೋಳವನ್ನು ಅಲ್ಲಿಯೇ ಬಿಡುವಂತಿಲ್ಲವಾದ್ದರಿಂದ ಓಣಿಯವರೆಲ್ಲ ಅಳೆದುಕೊಂಡು ಕಡ ಒಯ್ಯುತ್ತಿದ್ದರು, ತಮ್ಮ ಹಗೇವು ತೆರೆದಾಗ ಅಷ್ಟನ್ನೇ ಅಳೆದು ಮರಳಿಸುತ್ತಿದ್ದರು. ಅಂದರೆ ಅಲ್ಲಿಯೂ ಯಾವುದೂ ಮುಗಿಯುತ್ತಿರಲಿಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ ಬರುತ್ತಿತ್ತು.

ಆ ಉಪಾಯವನ್ನೇ ನಾನೂ ಹಿಡಿದೆ. ಹುಣಸೆಹಣ್ಣನ್ನು ನಾಲ್ಕು ಪಾಲು ಮಾಡಿ ನಾಲ್ಕು ಮನೆಗೆ ಕೊಟ್ಟೆ, ನವಣೆಯನ್ನು ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿಗೆ, ಬೆಲ್ಲದಲ್ಲಿ ಎರಡು ಕಿಲೋ ಎದುರು ಮನೆಯ ಅಕ್ಕನಿಗೆ. ಕೊಟ್ಟದ್ದು ಸ್ಟೀಲ್ ಡಬ್ಬಿಯಲ್ಲಿ. ಅಲ್ಲಿಯೇ ನಾನು ಸೋತೆ. ಕೊಟ್ಟ ಪಾತ್ರೆಯನ್ನು ಬರಿದಾಗಿ ಮರಳಿಸುವ ಮನೆ ನಮ್ಮ ಓಣಿಯಲ್ಲಿ ಒಂದೂ ಇಲ್ಲವೆಂಬುದನ್ನು ಮರೆತಿದ್ದೆ. ಹುಣಸೆಹಣ್ಣಿನ ಡಬ್ಬಿಯಲ್ಲಿ ಹೊಸ ಖಾರಪುಡಿ ಬಂತು, ಘಮ್ಮೆನ್ನುವಂಥದ್ದು, ಆ ವಾರವೇ ಕುಟ್ಟಿಸಿದ್ದು. ನವಣೆಯ ಡಬ್ಬಿಯಲ್ಲಿ ಹುರಿಗಡಲೆ ಉಂಡೆ. ಬೆಲ್ಲದ ಡಬ್ಬಿಯನ್ನು ಎದುರು ಮನೆಯ ಅಕ್ಕ ಎರಡು ಕೈಯಲ್ಲಿ ಹಿಡಿದು ತಂದರು, ಅದರ ತುಂಬ ಮಜ್ಜಿಗೆ ಮೆಣಸಿನಕಾಯಿ. “ಅಲ್ಲಿ ಎಲ್ಲಿ ಸಿಗತಾವವ್ವ ಇವು” ಎಂದರು. ಆ ಭಾನುವಾರ ತೂಗಿದಾಗ, ಅಟ್ಟದಿಂದ ಎಂಟು ಕಿಲೋ ಹೋಗಿ ನಾಲ್ಕು ಕಿಲೋ ಒಳಬಂದಿತ್ತು. ಮುಂದಿನ ಸಲದಿಂದ ಪ್ಲಾಸ್ಟಿಕ್ ಚೀಲದಲ್ಲಿ ಕೊಡತೊಡಗಿದೆ. ಅದೊಂದು ಸಣ್ಣತನವೆಂದು ಕೈಗೆ ಗೊತ್ತಾಗುತ್ತಿತ್ತು.

ಮೇ ಎರಡನೆಯ ವಾರ ಅತ್ತೆಯವರು ಸಾಮಾನು ಕಟ್ಟಲು ನೆರವಾಗಲೆಂದು ಬಂದರು. ಬರುವಾಗ ಒಂದು ಸಣ್ಣ ಚೀಲದಲ್ಲಿ ಅಕ್ಕಿ ತಂದಿದ್ದರು. ನಾನು ನೋಡಿದ ನೋಟಕ್ಕೆ, “ಮಗನ ಮನಿಗೆ ಬರಿಗೈಲೆ ಹೆಂಗ ಬರ್ಲಿ?” ಎಂದರು. ಉಳಿದ ಅಕ್ಕಿಯನ್ನು ಏನು ಮಾಡಬೇಕೆಂದು ನನಗೆ ತೋಚದಿದ್ದಾಗ, ತಾನು ನೋಡಿಕೊಳ್ಳುತ್ತೇನೆಂದು ಅವರು ಭರವಸೆ ಕೊಟ್ಟರು; ನಾನು ಗ್ಯಾಸ್ ಏಜೆನ್ಸಿ, ಬ್ಯಾಂಕು ಎಂದು ಮೂರು ದಿನ ಅಲೆದೆ. ನಾಲ್ಕನೆಯ ದಿನ ಮಾಳಿಗೆ ಹತ್ತಿ ನೋಡಿದರೆ, ಈ ತುದಿಯಿಂದ ಆ ತುದಿಯವರೆಗೆ ನನ್ನ ಹಳೆಯ ಸೀರೆಗಳ ಮೇಲೆ ಬೆಳ್ಳಗೆ ಸಂಡಿಗೆ ಒಣಗುತ್ತಿತ್ತು. ಅಕ್ಕಿಯನ್ನು ಅವರು ನಿಜವಾಗಿಯೂ ಖರ್ಚು ಮಾಡಿದ್ದರು. ಎರಡೇ ಬಿಸಿಲಿಗೆ ಅದು ಮೂರು ದೊಡ್ಡ ಡಬ್ಬಿ ಸಂಡಿಗೆಯಾಗಿ, ಇನ್ನೆರಡು ವರ್ಷ ಕೆಡದಂತೆ ಗಟ್ಟಿಯಾಗಿ, ಮತ್ತೆ ಅಟ್ಟವನ್ನೇರಿ ಕೂತಿತು. ಜೊತೆಗೆ ಸಂಡಿಗೆಯ ಹಿಟ್ಟನ್ನು ಕುದಿಸಿ ತೊಳಸುವುದರಲ್ಲಿ ಸಿಲಿಂಡರ್ ಬರಿದಾಗಿತ್ತು, ಅತ್ತೆಯವರ ಮಾತಿನಲ್ಲಿ ಗ್ಯಾಸೂ ಹೆಚ್ಚಾಗಿತ್ತು. ನನಗೆ ಸಿಟ್ಟು ಬಂತು, ಆಡಲಿಲ್ಲ. ಅವರು ಮಾಳಿಗೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಹಳೆಯ ಮಂಚದ ಮುರುಕು ಹಲಗೆಗಳನ್ನು ಉರಿಸಿ ಕೊನೆಯ ವಾರದ ಅಡುಗೆಯನ್ನೆಲ್ಲ ಅಲ್ಲಿಯೇ ಮಾಡಿದರು. ಸಂಜೆ ಕೋಟೆಗುಡ್ಡದ ಕಡೆಯಿಂದ ಸ್ವಲ್ಪ ಗಾಳಿ ಬೀಸುವ ಹೊತ್ತಿಗೆ ಹೆಂಚಿಟ್ಟು ಅವರು ರೊಟ್ಟಿ ತಟ್ಟಿದರೆ, ನಾನು ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಸುಡುತ್ತಿದ್ದೆ. ತೆಳ್ಳಗೆ ತಟ್ಟಿ ಗರಿಗರಿಯಾಗಿ ಒಣಗಿಸಿದ 60 ಖಡಕ್ ರೊಟ್ಟಿಗಳು ಸೂಟ್‌ಕೇಸಿಗೆ ಸೇರಿದವು, ಎರಡೂವರೆ ಕಿಲೋ ತೂಗಿದವು.

ಸೂಟ್‌ಕೇಸಿಗೆ ಏನು ಸೇರಬಹುದು, ಏನು ಸೇರಬಾರದು ಎಂಬ ಪಟ್ಟಿಯನ್ನು ಅವರಿಗೆ ಓದಿ ಹೇಳುವುದು ನನ್ನ ಪಾಲಿಗೆ ಬಂದ ಕಷ್ಟದ ಕೆಲಸ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ, ಹಾಗಾಗಿ ಅವರು ಕಾಯಿಸಿ ತಂದಿದ್ದ ತುಪ್ಪಕ್ಕೆ ಪ್ರವೇಶವಿಲ್ಲ. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಹಸಿ ಕರಿಬೇವೂ ಹೋಗದು. ತೆಂಗಿನಕಾಯಿಗೆ ಮಾತ್ರ ಅನಾನಸ್, ಬಾಳೆ, ಖರ್ಜೂರ, ಡುರಿಯನ್ ಹಣ್ಣುಗಳ ಜೊತೆಗೆ ಆ ಪ್ರಮಾಣಪತ್ರದಿಂದ ವಿನಾಯಿತಿಯಿದೆ. ಆದರೆ ಅದೇ ಕಾಯಿ ಒಣಗಿ ಕೊಬ್ಬರಿಯಾದರೆ ವಿಮಾನದವರು ಒಲ್ಲೆನ್ನುತ್ತಾರೆ, ಎಣ್ಣೆಯಂಶದಿಂದ ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿನಲ್ಲಿ ಕೊಬ್ಬರಿಯನ್ನು ಇಟ್ಟಿದ್ದಾರೆ. ಮಡಿಲು ತುಂಬುವ ಕೊಬ್ಬರಿ ಬಟ್ಟಲು ಬೆಂಕಿಯ ಸಾಮಾನು ಎಂದರೆ ಅತ್ತೆಯವರು ನಂಬಲಿಲ್ಲ. ಎಲ್ಲಕ್ಕಿಂತ ವಿಚಿತ್ರವಾದದ್ದು ಗಸಗಸೆ. ನಮ್ಮ ವಿಮಾನ ದುಬೈಯಲ್ಲಿ ಇಳಿದು ಹತ್ತಬೇಕಾಗಿತ್ತು, ಆ ದೇಶದಲ್ಲಿ ಗಸಗಸೆ ಮಾದಕ ವಸ್ತುಗಳ ಪಟ್ಟಿಗೆ ಸೇರಿದೆ. ಯಜಮಾನರಿಗೆ ಫೋನಿನಲ್ಲಿ ಹೇಳಿದರೆ ಅವರು ನಕ್ಕು, ತಮ್ಮ ಮನೆಯ ಕೆಳಗಿನ ಬೇಕರಿಯಲ್ಲಿ ಬ್ರೆಡ್ಡಿನ ಮೇಲೆ ಎಳ್ಳು ಉದುರಿಸಿದಂತೆ ಗಸಗಸೆ ಉದುರಿಸಿರುತ್ತಾರೆಂದು ತಿಳಿಸಿದರು. ಹೊರಡುವ ಊರಿನಲ್ಲಿ ಪಾಯಸ, ಸೇರುವ ಊರಿನಲ್ಲಿ ಬ್ರೆಡ್ಡು, ನಡುವಿನ ಊರಿನಲ್ಲಿ ಅಪರಾಧ. ಆರು ಬಟ್ಟಲು ಕೊಬ್ಬರಿ, ಗಸಗಸೆ, ಮಿಕ್ಕಿದ ಬೆಲ್ಲ ಎಲ್ಲವನ್ನೂ ಒಂದೇ ದಿನ ರುಬ್ಬಿ ಪಾಯಸ ಮಾಡಿ ಓಣಿಗೆಲ್ಲ ಹಂಚಿದೆವು, ಕುಡಿದು ಮನೆಯವರೆಲ್ಲ ಮಧ್ಯಾಹ್ನ ಎರಡರಿಂದ ಐದರವರೆಗೆ ಎಚ್ಚರವಿಲ್ಲದೆ ಮಲಗಿದೆವು.

ಹೊರಡುವ ದಿನ ಬೆಳಿಗ್ಗೆ ಉಳಿದದ್ದು ಒಂದು ಚೀಲ ಮಂಡಾಳು (ಮಂಡಕ್ಕಿ), ಒಂದು ಹಿಡಿ ಪುಟಾಣಿ, ಎರಡು ಈರುಳ್ಳಿ. ಮಂಡಾಳ ಒಗ್ಗರಣೆಯನ್ನು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೂ ಅತ್ತೆಯವರ ಕೈಯನ್ನು ಆ ದಿನ ನಿಂತು ನೋಡಿದೆ. ಬುಟ್ಟಿಯಷ್ಟು ಮಂಡಾಳನ್ನು ನೀರಿಗೆ ಹಾಕಿ, ಅದು ಮುಳುಗುವ ಮೊದಲೇ ಎರಡು ಅಂಗೈಗಳ ನಡುವೆ ತೆಗೆದು, ಕೊಡವಿ, ಹಿಂಡಿ ಪಕ್ಕದ ಪರಾತಕ್ಕೆ ಎಸೆಯುತ್ತಿದ್ದರು. ಒಂದು ಉಸಿರಿನಷ್ಟು ತಡವಾದರೆ ಮುದ್ದೆ, ಬೇಗ ತೆಗೆದರೆ ಒಳಗೆ ಒಣಗಿದ್ದು ಗಂಟಲಿಗೆ ಚುಚ್ಚುತ್ತದೆ. ಬುಟ್ಟಿಯಷ್ಟಿದ್ದದ್ದು ಅವರ ಕೈಯೊಳಗೆ ನಾಲ್ಕು ತಟ್ಟೆಯಷ್ಟಕ್ಕೆ ಇಳಿಯಿತು. ಮೇಲೆ ಪುಟಾಣಿ ಪುಡಿ ಉದುರಿಸಿ, ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಸುರಿದು, ಕೊನೆಗೆ ನಿಂಬೆಹುಳಿ ಹಿಂಡಿದರು. ತಟ್ಟೆಗಳನ್ನಾಗಲೇ ಕಟ್ಟಿದ್ದರಿಂದ ಹಳೆಯ ಪೇಪರಿನ ಮೇಲೆ ಹಾಕಿಕೊಂಡು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ತಿಂದೆವು. ಮಗಳ ನೋಟ್‌ಬುಕ್ಕಿನ ಲೆಕ್ಕದಂತೆ, 45 ದಿನಗಳಲ್ಲಿ ನಾವು ದಿನಸಿಗೆ ಕೊಟ್ಟ ಹಣ 2,940 ರೂಪಾಯಿ.

ಸಂಡಿಗೆಯ ಮೂರು ಡಬ್ಬಿ, ಉಪ್ಪಿನಕಾಯಿಯ ಭರಣಿ, ಪ್ರವೇಶವಿಲ್ಲದ ತುಪ್ಪ, ಇನ್ನೂ ಅಟ್ಟದ ಮೂಲೆಯಲ್ಲಿ ಉಳಿದಿದ್ದ ನಾಲ್ಕಾರು ಸಣ್ಣ ಡಬ್ಬಿಗಳನ್ನು ಭಾವನವರು ಬಂದು ಜೀಪಿನಲ್ಲಿ ಹಾಕಿಕೊಂಡು, ಅತ್ತೆಯವರನ್ನೂ ಕರೆದುಕೊಂಡು ಹೊರಟರು. ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಒಮ್ಮೆ ಮನೆಯೊಳಗೆ ಹೋಗಿ ಅಟ್ಟವನ್ನು ಕೈಯಾಡಿಸಿ ನೋಡಿದೆ. ಬೇವಿನೆಲೆಯ ಒಣ ಪುಡಿಯಷ್ಟೇ ಬೆರಳಿಗೆ ಹತ್ತಿತು.

ನಾವು ಇಲ್ಲಿಗೆ ಬಂದು ಮೂರು ವಾರವಾಗಿತ್ತು. ಖಡಕ್ ರೊಟ್ಟಿಗಳು ಮುರಿದು ಚೂರಾಗಿದ್ದರೂ ದಿನಾ ಒಂದಿಷ್ಟನ್ನು ಮೊಸರಿಗೆ ಹಾಕಿಕೊಂಡು ತಿನ್ನುತ್ತಿದ್ದೆವು. ಒಂದು ಮಧ್ಯಾಹ್ನ ಅತ್ತೆಯವರ ಫೋನು ಬಂತು. ಊರಿನಲ್ಲಿ ಸಂಜೆಯಾಗಿ, ಸಣ್ಣ ಮಳೆ ಬಂದು, ಮನೆಯವರೆಲ್ಲ ಮಿರ್ಚಿ ಬಜ್ಜಿ ಬೇಕೆಂದು ಕೂತಿದ್ದರಂತೆ.

“ನೀ ಕೊಟ್ಟ ಕಡ್ಲಿಹಿಟ್ಟು ಎಲ್ಲಿ ತಂದಿದ್ದೆವ್ವ?” ಎಂದರು. “ಮನ್ಯಾಂದು ಸಾಲದ್ದಕ್ಕ ನಿನ್ನ ಡಬ್ಬೀದೂ ಬೆರೆಸಿದೆ. ಹಿಟ್ಟು ಮೆಣಸಿನಕಾಯಿಗೆ ಹತ್ತವಲ್ದು. ಹೆಂಗೋ ಮಾಡಿ ಕರಿದ್ರ ಗರಿಗರಿ ಏನೋ ಆದ್ವು, ಬಾಯಾಗ ಇಟ್ರ ಐಸ್‌ಕ್ರೀಮ್ ವಾಸನಿ. ನಿಮ್ಮ ಭಾವ ಒಂದು ತಿಂದು ಎದ್ದು ಹೋದ.”

ನನಗೆ ಮಾತು ಹೊರಡಲಿಲ್ಲ. ಡಬ್ಬಿಯ ಮೇಲಿನ ಚೀಟಿಯನ್ನು ಕೀಳದೆ ಬಿಟ್ಟದ್ದು ನನ್ನ ತಪ್ಪೆಂದು ಹೇಳಿ, ಉಳಿದದ್ದನ್ನು ಚೆಲ್ಲಿಬಿಡಿ ಎಂದೆ.

“ಚೆಲ್ಲೂದ್ಯಾಕ, ಇರ್ಲಿ ಬಿಡು,” ಎಂದರು ಅತ್ತೆ. “ಇನ್ನ ಅರ್ಧ ಡಬ್ಬಿ ಹಂಗ ಐತಿ. ಇದು ಮಾತ್ರ ಖರೇನ ಹೆಚ್ಚಾಗೈತಿ ನೋಡವ್ವ.”